ಗಡಿ ದಾಟುವ ಬೈಕು, ಗಡಿ ದಾಟದ ತೆರಿಗೆ

ಮಳೆ ನಿಂತು ದಾರಿ ಒಣಗಿತೆಂದರೆ ನಮ್ಮ ಊರುಗಳ ಹುಡುಗರು ಬೈಕ್ ತೊಳೆದು ಹೊರಡುತ್ತಾರೆ. ಕಾಸರಗೋಡಿನವರು ಮಡಿಕೇರಿ ಕಡೆಗೆ, ತಾಳವಾಡಿಯವರು ಬಿಳಿಗಿರಿರಂಗನ ಬೆಟ್ಟಕ್ಕೆ, ಜತ್ತದವರು ಬಾದಾಮಿಗೆ, ಮಡಕಶಿರಾದವರು ಮಧುಗಿರಿಗೆ. ಈಚಿನ ವರ್ಷಗಳಲ್ಲಿ ಮಣ್ಣುದಾರಿ, ಕಲ್ಲುದಾರಿಗೆಂದೇ ಮಾಡಿದ ಎತ್ತರದ ಗಾಡಿಗಳೂ ನಮ್ಮ ಊರುಗಳಿಗೆ ಬಂದಿವೆ. ಅವುಗಳ ಹಿಂದೆಯೇ ಮೂರು ಪ್ರಶ್ನೆಗಳು ಸದಸ್ಯರಿಂದ ಮತ್ತೆ ಮತ್ತೆ ಬರುತ್ತಿವೆ. ಹೊರರಾಜ್ಯದ ನಂಬರಿನ ಗಾಡಿಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ಕಚ್ಚಾ ದಾರಿಗೆ ಇಳಿಯುವಾಗ ಪ್ಲೇಟ್ ಬಿಚ್ಚಿದರೆ ತಪ್ಪೇ? ಒಂದೇ ಗಾಡಿಗೆ ಎರಡು ರಾಜ್ಯಕ್ಕೆ ತೆರಿಗೆ ಯಾಕೆ ಕಟ್ಟಬೇಕು?

ಮೊದಲ ಎರಡಕ್ಕೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ, ನಾವು ತಿಳಿದುಕೊಂಡರೆ ಸಾಕು. ಮೂರನೆಯದಕ್ಕೆ ಕಾನೂನೇ ಬದಲಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಹನ್ನೆರಡು ತಿಂಗಳ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಟಿಎನ್ 70ರ ಹೊಸೂರಿನ ಗಾಡಿ ಅತ್ತಿಬೆಲೆ ದಾಟಿದ ತಕ್ಷಣ, ಎಂಎಚ್ 13ರ ಸೊಲ್ಲಾಪುರದ ಗಾಡಿ ವಿಜಯಪುರ ಜಿಲ್ಲೆಗೆ ಕಾಲಿಟ್ಟ ತಕ್ಷಣ ಪರಕೀಯವಾಗುವುದಿಲ್ಲ. ಹೊರಗಿನ ನಂಬರು ಎಂಬ ಒಂದೇ ಕಾರಣಕ್ಕೆ ದಂಡ ಹಾಕಲು ಅವಕಾಶವಿಲ್ಲ. ಖಾಸಗಿ ದ್ವಿಚಕ್ರ ವಾಹನಕ್ಕೆ ಪರ್ಮಿಟ್ಟೂ ಬೇಕಿಲ್ಲ.

ಮಿತಿ ಇರುವುದು 47ನೇ ಕಲಮಿನಲ್ಲಿ. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರಗಿನ ಗಾಡಿ 30 ದಿನ ದಾಟಿದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದು ಹೇಳಿತ್ತು. ಆ ತಿದ್ದುಪಡಿಯನ್ನು ಕರ್ನಾಟಕ ಹೈಕೋರ್ಟ್ 2016ರಲ್ಲಿ ರದ್ದು ಮಾಡಿತು. ಆದರೂ ಆ 30 ದಿನದ ಮಾತು ಇಂದಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಕಾಯ್ದೆಯ ಮಾತು ಗಾಡಿಯನ್ನು 'ಇಟ್ಟುಕೊಳ್ಳುವ' ಬಗ್ಗೆ. ಬೆಳಿಗ್ಗೆ ಕೆಲಸಕ್ಕೆ ಗಡಿ ದಾಟಿ ರಾತ್ರಿ ಮನೆಗೆ ಮರಳುವ ಗಾಡಿ ಮನೆಯಿರುವ ರಾಜ್ಯದ್ದೇ ಎಂದು ನಾವು ಓದುತ್ತೇವೆ. ಆದರೆ ಅದನ್ನು ತೋರಿಸಬೇಕಾದವರು ನಾವೇ. ಊರಿನ ಮೆಕ್ಯಾನಿಕ್ ಅಂಗಡಿಯ ಬಿಲ್ಲು, ಪೆಟ್ರೋಲ್ ರಸೀದಿ, ವಾಸದ ದಾಖಲೆ ಇಂಥವನ್ನು ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಚಾಲನಾ ಪರವಾನಗಿ, ಆರ್‌ಸಿ, ವಿಮೆಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೂ ಎಲ್ಲ ರಾಜ್ಯಗಳಲ್ಲಿ ಸಲ್ಲುತ್ತದೆ. ದಂಡದ ಮೊತ್ತ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಏಕೆಂದರೆ ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ನಿಗದಿ ಮಾಡುವುದು ಆಯಾ ರಾಜ್ಯ ಸರ್ಕಾರ.

ಮಾವನ ಮನೆ ವಿಳಾಸ

ನಮ್ಮಲ್ಲಿ ಬಹಳ ಕಡೆ ಇರುವ ರೂಢಿ ಇನ್ನೊಂದಿದೆ. ಶೋರೂಂ ಹತ್ತಿರವಿರುವುದು ಕರ್ನಾಟಕದ ಪಟ್ಟಣದಲ್ಲಿ. ಅಲ್ಲೇ ಮಾವನ ಮನೆಯೋ ಅಕ್ಕನ ಮನೆಯೋ ಇದೆ. ಆ ವಿಳಾಸ ಕೊಟ್ಟು ಕೆಎ ನಂಬರು ಮಾಡಿಸಿ ಗಾಡಿಯನ್ನು ಊರಿಗೆ ತರುತ್ತಾರೆ. ತಾಳವಾಡಿಯವರಿಗೆ ಚಾಮರಾಜನಗರ ಪಕ್ಕದಲ್ಲೇ ಇದೆ, ತಮ್ಮ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹಾಗಾಗಿ ಈ ರೂಢಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ 40ನೇ ಕಲಂ ಪ್ರಕಾರ ಮಾಲೀಕರ ವಾಸ ಅಥವಾ ವ್ಯವಹಾರದ ಸ್ಥಳವಿದ್ದು, ಗಾಡಿ ಸಾಮಾನ್ಯವಾಗಿ ಇರುವ ರಾಜ್ಯದಲ್ಲೇ ನೋಂದಣಿ ಆಗಬೇಕು. ಸುಳ್ಳು ವಿವರ ಕೊಟ್ಟು ಪಡೆದ ನೋಂದಣಿಯನ್ನು 55ನೇ ಕಲಂ ಪ್ರಕಾರ ರದ್ದು ಮಾಡಬಹುದು. ಚಲನ್ ನೋಟಿಸು ಹೋಗುವುದೂ ಮಾವನ ಮನೆಗೇ. ಗಾಡಿಯ ಮಾಲೀಕರಿಗೆ ಗೊತ್ತಾಗುವ ಹೊತ್ತಿಗೆ ದಂಡ ಬೆಳೆದಿರುತ್ತದೆ.

ನಂಬರಿನ ಮೊದಲ ಅಕ್ಷರಗಳಿಗೆ ಈಗ ಇನ್ನೊಂದು ಮಹತ್ವವೂ ಬಂದಿದೆ. ನೀಲಗಿರಿಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ಟಿಎನ್ 43ರ ಸ್ಥಳೀಯ ಗಾಡಿಗಳಿಗೆ ಅದರಿಂದ ವಿನಾಯಿತಿ ಇದೆ. ಊಟಿಯಲ್ಲೇ ಹುಟ್ಟಿ ಬೆಳೆದವರಾದರೂ ಗಾಡಿಗೆ ಮೈಸೂರಿನ ನಂಬರಿದ್ದರೆ ಗೇಟಿನಲ್ಲಿ ಅದು ಪ್ರವಾಸಿಗನ ಗಾಡಿ.

ಕಚ್ಚಾ ದಾರಿ ಎಂದರೆ ಕಾನೂನಿಲ್ಲದ ದಾರಿಯಲ್ಲ

ಎರಡನೆಯ ಪ್ರಶ್ನೆಗೆ ಬರೋಣ. ಆಫ್‌ರೋಡ್ ಬೈಕ್ ಎಂದು ನಾವು ಕರೆಯುವುದರಲ್ಲಿ ಎರಡು ಜಾತಿಗಳಿವೆ. ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೊದಲಾದವು ರಸ್ತೆಗೂ ಒಪ್ಪಿಗೆ ಪಡೆದವು, ನೋಂದಣಿ ಆಗುತ್ತವೆ. ಕವಾಸಕಿ ಕೆಎಕ್ಸ್ ಸಾಲಿನಂಥವು ಸ್ಪರ್ಧೆಯ ಅಂಕಣಕ್ಕಾಗಿಯೇ ಮಾಡಿದವು. ಅವಕ್ಕೆ ರಸ್ತೆಯ ಒಪ್ಪಿಗೆಯೇ ಇಲ್ಲ, ಯಾವ ರಾಜ್ಯದ ಆರ್‌ಟಿಒ ಕಚೇರಿಯೂ ನಂಬರು ಕೊಡುವುದಿಲ್ಲ.

ನಂಬರಿಲ್ಲದ ಗಾಡಿಯನ್ನು ಊರ ಹೊರಗಿನ ಮಣ್ಣುದಾರಿಯಲ್ಲಿ ಓಡಿಸಿದರೆ ಏನಾಯಿತು ಎನ್ನುವವರಿದ್ದಾರೆ. ಕಾಯ್ದೆ ನೋಡುವುದು ಡಾಂಬರನ್ನಲ್ಲ, ಜನರಿಗೆ ಅಲ್ಲಿ ಹೋಗುವ ಹಕ್ಕಿದೆಯೇ ಎಂಬುದನ್ನು. ಗಾಡಿದಾರಿ, ಕೆರೆ ಏರಿ, ಹೊಲಗಳ ನಡುವಿನ ಸಾರ್ವಜನಿಕ ಹಾದಿ ಎಲ್ಲವೂ 'ಸಾರ್ವಜನಿಕ ಸ್ಥಳ'ವೇ. ಅಲ್ಲಿ ನೋಂದಣಿಯಿಲ್ಲದ ಗಾಡಿ ಓಡಿಸಿದರೆ 192ನೇ ಕಲಂ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸಜೆ.

ದಂಡಕ್ಕಿಂತ ದೊಡ್ಡ ವಿಷಯ ವಿಮೆ. ನೋಂದಣಿಯಿಲ್ಲದ ಗಾಡಿಗೆ ಮೂರನೆಯವರ ವಿಮೆ ಇರುವುದಿಲ್ಲ. ಶಾಲೆಯಿಂದ ಬರುತ್ತಿದ್ದ ಮಗುವಿಗೋ ಹೊಲದಿಂದ ಬರುತ್ತಿದ್ದ ಹೆಂಗಸಿಗೋ ಆ ಗಾಡಿ ಬಡಿದರೆ ಪರಿಹಾರದ ಹಣ ಸವಾರನ ಮನೆಯಿಂದಲೇ ಹೋಗಬೇಕು. ಗಾಯಗೊಂಡವರಿಗೆ ಅದೂ ಸಿಗದೆ ಹೋಗಬಹುದು. ಸಣ್ಣ ಗಾತ್ರದ ಗಾಡಿ ಎಂದು ಹದಿನಾಲ್ಕು ಹದಿನೈದರ ಹುಡುಗರ ಕೈಗೆ ಕೊಡುವ ತಂದೆತಾಯಿಯರು 199ಎ ಕಲಮನ್ನೂ ತಿಳಿದಿರಲಿ. ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಎಂದು ಅದರಲ್ಲಿದೆ. ಇಂಥ ಗಾಡಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ, ಬೇಲಿ ಹಾಕಿದ ಅಂಕಣದಲ್ಲಿ ಅಥವಾ ಒಪ್ಪಿಗೆ ಪಡೆದ ಖಾಸಗಿ ಜಮೀನಿನಲ್ಲಿ ಓಡಿಸುವುದೇ ಸರಿಯಾದ ದಾರಿ. ಕೊಂಡ ಬಿಲ್ಲು ಜೊತೆಗಿರಲಿ.

ನೋಂದಣಿಯಾದ ಗಾಡಿಯ ಪ್ಲೇಟನ್ನು ಕೊಂಬೆಗೆ ತಾಗುತ್ತದೆಂದು ಬಿಚ್ಚುವುದೂ ಬೇಡ. 2019ರ ಏಪ್ರಿಲ್ 1ರ ನಂತರದ ಎಲ್ಲ ಗಾಡಿಗಳಿಗೆ ಅತಿಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ, ಹಳೆಯ ಗಾಡಿಗಳಿಗೆ ಆಯಾ ರಾಜ್ಯ ಗಡುವು ಕೊಡುತ್ತಾ ಬಂದಿದೆ. ಅದರ ಸ್ನ್ಯಾಪ್ ಲಾಕ್ ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ಸೈಲೆನ್ಸರ್ ಬದಲಿಸುವುದು, ಹಿಂದಿನ ಮಡ್‌ಗಾರ್ಡ್ ಕತ್ತರಿಸುವುದು 52ನೇ ಕಲಮಿನ ಕೆಳಗೆ ಬರುತ್ತವೆ. ತಯಾರಕರು ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆ ಪ್ರಕರಣ ಕೇರಳದ್ದು, ಹಾಗಾಗಿ ಕಾಸರಗೋಡು ಮತ್ತು ವಯನಾಡಿನ ಸದಸ್ಯರು ವಿಶೇಷವಾಗಿ ಗಮನಿಸಬೇಕು.

ಇನ್ನು ಕಾಡು. ಅಲ್ಲಿ ನಂಬರು ಯಾವ ರಾಜ್ಯದ್ದಾದರೂ ಒಂದೇ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ, ವಯನಾಡಿನ ಕಡೆಗೂ ಊಟಿಯ ಕಡೆಗೂ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅಭಯಾರಣ್ಯದೊಳಗೆ ಕಾಲಿಡಲೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಕಾಡು ಎಂದರೆ ಮರವಿರುವ ಜಾಗ ಮಾತ್ರವಲ್ಲ ಎಂಬುದನ್ನು ಸೊಲ್ಲಾಪುರದವರು ಬಲ್ಲರು. ನಾನ್ನಜದ ಬಯಲು ನೋಡಲು ಖಾಲಿ ಹುಲ್ಲುಗಾವಲು, ಆದರೆ ಅದು ಎರ್ಲಡ್ಡು ಹಕ್ಕಿಯ ಅಭಯಾರಣ್ಯ.

ಪ್ಲೇಟಿನ ಮೇಲೆ ಕನ್ನಡ

ಇದು ನಮ್ಮ ಸಂಘದೊಳಗಿನ ಮಾತು, ನೇರವಾಗಿಯೇ ಹೇಳುತ್ತೇವೆ. ರಾಜ್ಯೋತ್ಸವದ ಸವಾರಿಗಳಲ್ಲಿ ಕನ್ನಡ ಅಂಕಿಯ ಪ್ಲೇಟು, ಬಾವುಟ ಮುಚ್ಚಿದ ಪ್ಲೇಟು ಕಾಣುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಕ್ಷರ ಇಂಗ್ಲಿಷ್, ಅಂಕಿ ಅರೇಬಿಕ್ ಎಂದಿದೆ. ಗಡಿಯಾಚೆ ನಮ್ಮ ನಂಬರನ್ನು ಓದಬೇಕಾದವರು ಮಲಯಾಳ, ಮರಾಠಿ, ತಮಿಳು, ತೆಲುಗು ಬಲ್ಲವರು. ನಮ್ಮ ಹುಡುಗನಿಗೆ ಗುದ್ದಿ ಓಡಿದ ಗಾಡಿಯ ನಂಬರು ಯಾರಿಗೂ ಓದಲು ಬಾರದ ಲಿಪಿಯಲ್ಲಿದ್ದರೆ ನಮಗೆ ಹೇಗನ್ನಿಸುತ್ತದೆ? ಹೆಲ್ಮೆಟ್ಟಿದೆ, ಟ್ಯಾಂಕಿದೆ, ಅಂಗಿಯಿದೆ, ಕನ್ನಡಕ್ಕೆ ಜಾಗ ಬೇಕಾದಷ್ಟಿದೆ.

ಎರಡು ಸಲ ತೆರಿಗೆ

ಈಗ ಮೂರನೆಯ ಪ್ರಶ್ನೆ. ಒಂದೂವರೆ ಲಕ್ಷ ರೂಪಾಯಿಯ ಬೈಕನ್ನು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ದ್ವಿಚಕ್ರಕ್ಕೆ ಜೀವಿತಾವಧಿ ತೆರಿಗೆ ನೂರಕ್ಕೆ 18, ಅಂದರೆ 27,000. ತಮಿಳುನಾಡಿನಲ್ಲಿ 2023ರಿಂದ ಅದೇ ಬೆಲೆಗೆ ನೂರಕ್ಕೆ 12, ಅಂದರೆ 18,000. ಮೈಸೂರಿನಲ್ಲಿ ಕೆಲಸದಲ್ಲಿದ್ದ ತಾಳವಾಡಿಯ ಹುಡುಗ ಅಲ್ಲಿ 27,000 ಕಟ್ಟಿ, ಎರಡು ವರ್ಷದ ಮೇಲೆ ಅಪ್ಪನ ಜಮೀನು ನೋಡಿಕೊಳ್ಳಲು ಊರಿಗೆ ಬಂದನೆನ್ನಿ. ಹನ್ನೆರಡು ತಿಂಗಳೊಳಗೆ ಅವನು 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಗಾಡಿ ಕಳವಿನದಲ್ಲವೆಂದು ಪೊಲೀಸ್ ವರದಿ ಬೇಕು. ಆಮೇಲೆ 27ನೇ ನಮೂನೆಯಲ್ಲಿ ಹೊಸ ನಂಬರಿಗೆ ಅರ್ಜಿ ಹಾಕಿ, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನು ತಮಿಳುನಾಡಿಗೆ ಕಟ್ಟಬೇಕು. ಕೊನೆಗೆ ಹೊಸ ಆರ್‌ಸಿ ತೋರಿಸಿ, ಉಳಿದ ವರ್ಷಗಳ ತೆರಿಗೆ ವಾಪಸು ಕೊಡಿ ಎಂದು ಕರ್ನಾಟಕವನ್ನು ಕೇಳಬೇಕು. ಕಟ್ಟುವುದು ಮೊದಲು, ವಾಪಸು ಬರುವುದು ಕೊನೆಗೆ. ಕೂಲಿ ಬಿಟ್ಟು ಓಡಾಡಬೇಕಾದ ದಿನಗಳನ್ನು ಲೆಕ್ಕ ಹಾಕಿ ಬಹಳ ಜನ ವಾಪಸಿನ ಆಸೆಯನ್ನೇ ಬಿಡುತ್ತಾರೆ. ನಿರಾಕ್ಷೇಪಣಾ ಪತ್ರದ ಅರ್ಜಿಗೆ 30 ದಿನದೊಳಗೆ ನಿರಾಕರಣೆ ಬಾರದಿದ್ದರೆ ಪತ್ರ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ, ಆದ್ದರಿಂದ ಅರ್ಜಿ ಕೊಟ್ಟ ರಸೀದಿ ಕಳೆಯಬೇಡಿ.

ಈ ತೊಂದರೆ ಕೇಂದ್ರಕ್ಕೆ ಗೊತ್ತಿಲ್ಲದ್ದಲ್ಲ. ಅದಕ್ಕೇ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿ ಬಂತು. ಎರಡೆರಡು ವರ್ಷಕ್ಕೆ ತೆರಿಗೆ, ರಾಜ್ಯ ಬದಲಾದರೂ ನಂಬರು ಬದಲಿಲ್ಲ. ಆದರೆ ಅದು ಸಿಗುವುದು ಸೈನಿಕರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ. ಅಕ್ಕಲಕೋಟೆಯ ರೈತ, ಆದವಾನಿಯ ಹತ್ತಿ ವ್ಯಾಪಾರಿ, ಮಂಜೇಶ್ವರದಿಂದ ಮಂಗಳೂರಿಗೆ ಹೋಗುವ ಗಾರೆ ಕೆಲಸದವರು ಈ ಪಟ್ಟಿಯಲ್ಲಿಲ್ಲ. ವಾರಕ್ಕೆ ಆರು ಸಲ ಗಡಿ ದಾಟುವವರು ಇವರೇ.

ವಾಹನ ತೆರಿಗೆ ರಾಜ್ಯದ ಪಟ್ಟಿಯಲ್ಲಿದೆ, ಕೇಂದ್ರ ಏನೂ ಮಾಡುವಂತಿಲ್ಲ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಅದು ಅರ್ಧ ಮಾತು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 57ನೇ ಬಾಬು ತೆರಿಗೆಯನ್ನು ರಾಜ್ಯಕ್ಕೆ ಕೊಟ್ಟಿದೆ, ನಿಜ. ಆದರೆ ಸಮವರ್ತಿ ಪಟ್ಟಿಯ 35ನೇ ಬಾಬಿಗೆ ಒಳಪಟ್ಟು ಎಂದೂ ಅಲ್ಲೇ ಹೇಳಿದೆ. ಆ 35ನೇ ಬಾಬಿನಲ್ಲಿ ವಾಹನ ತೆರಿಗೆ ಹಾಕುವ ತತ್ವಗಳು ಸೇರಿವೆ. ಅಂದರೆ ಒಂದು ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಇನ್ನೊಂದು ರಾಜ್ಯ ಜಮೆಗೆ ಹಿಡಿಯಬೇಕೆಂಬ ತತ್ವವನ್ನು ಸಂಸತ್ತು ಮಾಡಬಹುದು. ವಾಹನ್ ದತ್ತಾಂಶ ಬಹುತೇಕ ರಾಜ್ಯಗಳನ್ನು ಈಗಾಗಲೇ ಜೋಡಿಸಿದೆ. ಹಣದ ಲೆಕ್ಕವನ್ನು ಎರಡು ಸರ್ಕಾರಗಳು ತಮ್ಮೊಳಗೆ ತೀರಿಸಿಕೊಳ್ಳಲಿ, ಕಾಗದ ಹಿಡಿದು ನಡುವೆ ಓಡಾಡುವ ಕೆಲಸ ಮಾಲೀಕರಿಗೆ ಬೇಡ. ಅಲ್ಲಿಯವರೆಗೆ ಗಡಿ ತಾಲ್ಲೂಕುಗಳ ಖಾಯಂ ನಿವಾಸಿಗಳಿಗೂ ಬಿಎಚ್ ಸರಣಿ ತೆರೆಯಲಿ. ಇವೆರಡೇ ನಮ್ಮ ಬೇಡಿಕೆ.

ಬೇಡಿಕೆಗೆ ಬಲ ಬರುವುದು ಕಾಗದಗಳಿಂದ. ತೆರಿಗೆ ವಾಪಸಿಗೆ ಅರ್ಜಿ ಹಾಕಿ ಕಾಯುತ್ತಿರುವ ಸದಸ್ಯರು ಅರ್ಜಿ, ರಸೀದಿ ಮತ್ತು ಎರಡೂ ಆರ್‌ಸಿಗಳ ನಕಲನ್ನು ತಮ್ಮ ಊರಿನ ಘಟಕಕ್ಕೆ ತಲುಪಿಸಿ. ಎರಡೂ ಕಡೆಯ ಶಾಸಕರು, ಸಂಸದರ ಮುಂದೆ ಇಡುವಾಗ ಇಂತಿಷ್ಟು ಜನ, ಇಂತಿಷ್ಟು ರೂಪಾಯಿ, ಇಂತಿಷ್ಟು ತಿಂಗಳು ಎಂದು ಹೇಳುವಂತಾಗಬೇಕು. ಅದುವರೆಗೆ ನಿಮ್ಮ ಆರ್‌ಸಿಯಲ್ಲಿರುವ ವಿಳಾಸವನ್ನು ಇಂದೇ ಒಮ್ಮೆ ನೋಡಿಕೊಳ್ಳಿ.