ಮಗುವಿಗಿಂತ ಮೊದಲು ಮನೆ ಅಣಿಯಾಗಲಿ

ಗಂಗಾನಗರದ ಒಳ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಡೆದರೆ ಕಿವಿಗೆ ಬೀಳುವ ಭಾಷೆ ಒಂದಲ್ಲ. ಹಾಲಿನ ಬೂತಿನ ಮುಂದೆ ಕನ್ನಡ, ನಲ್ಲಿಯ ಬಳಿ ತಮಿಳು, ಗುಜರಿ ಅಂಗಡಿಯ ಜಗಲಿಯಲ್ಲಿ ದಖನಿ ಉರ್ದು, ಕಟ್ಟಡ ಏಳುತ್ತಿರುವ ನಿವೇಶನದ ತಗಡಿನ ಶೆಡ್ಡಿನಲ್ಲಿ ರಾಯಚೂರು ಸೀಮೆಯ ಕನ್ನಡ ಇಲ್ಲವೇ ತೆಲುಗು. ರಾಜಧಾನಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ ಎಂಬುದನ್ನು 2011ರ ಜನಗಣತಿಯೇ ಹೇಳಿದೆ. ಈ ಅಂಕಿಯನ್ನು ಹಿಡಿದು ಕನ್ನಡದ ಅಳಿವು–ಉಳಿವಿನ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಅದೇ ಅಂಕಿಯ ಇನ್ನೊಂದು ಮಗ್ಗುಲನ್ನು ನಾವು ನೋಡಿಲ್ಲ. ಈ ನಗರದ ಬಡಮನೆಗಳ ಮೂರು, ನಾಲ್ಕು ವರ್ಷದ ಮಕ್ಕಳಲ್ಲಿ ಬಹಳಷ್ಟು ಜನ ಮನೆಯಲ್ಲಿ ಒಂದು ಭಾಷೆ ಕೇಳಿ, ಅಂಗನವಾಡಿಯಲ್ಲಿ ಮತ್ತೊಂದನ್ನು ಕೇಳಿ, ಒಂದನೇ ತರಗತಿಯ ಹೊತ್ತಿಗೆ ಮೂರನೆಯದರ ಮುಂದೆ ನಿಲ್ಲುತ್ತಾರೆ.

ನಮ್ಮ ಬೀದಿಯ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸೊಬ್ಬರು ಒಂದು ದಿನ ಕೆಲಸ ಮುಗಿಸಿ ಹೊರಡುವಾಗ ಬಾಗಿಲಲ್ಲಿ ತಡೆದು ನಿಂತರು. ಅವರ ನಾಲ್ಕೂವರೆ ವರ್ಷದ ಮಗಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು. ಹೊರಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ಸಾಲ ಮಾಡಿ ಸೇರಿಸಲು ಹೋದ ಖಾಸಗಿ ನರ್ಸರಿಯೊಂದರಲ್ಲಿ, ಮೊದಲು ಮನೆಭಾಷೆ ನಿಲ್ಲಿಸಿ ಎಂದು ಹೇಳಿ ಕಳಿಸಿದ್ದರಂತೆ. ‘ಅಕ್ಕಾ, ಇನ್ಮೇಲೆ ಮನೇಲಿ ತಮಿಳು ಬಿಟ್ಟುಬಿಡಲಾ?’ ಎಂಬುದು ಆಕೆಯ ಪ್ರಶ್ನೆ. ಬಿಟ್ಟು ಯಾವುದರಲ್ಲಿ ಮಾತಾಡುತ್ತೀರಿ ಎಂದು ಕೇಳಿದೆ. ಆಕೆ ನಕ್ಕರು. ಬಾ, ತಿನ್ನು, ಸುಮ್ನಿರು, ಮಲ್ಕೋ—ಕೆಲಸದ ಮನೆಗಳಲ್ಲಿ ಕಲಿತ ಕನ್ನಡದಲ್ಲಿ ಮಗುವಿಗೆ ಹೇಳಲು ಆಕೆಗೆ ದಕ್ಕಿರುವುದು ಅಷ್ಟೇ.

ಆ ಸಲಹೆಯ ಅಪಾಯ ಇರುವುದೇ ಇಲ್ಲಿ. ತನಗೆ ಪೂರ್ತಿ ಒಲಿದ ಭಾಷೆಯಲ್ಲಿ ತಾಯಿ ಕಥೆ ಹೇಳುತ್ತಾಳೆ, ಗದರುತ್ತಾಳೆ, ಮಳೆ ಏಕೆ ಬಂತು ಎಂಬ ಪ್ರಶ್ನೆಗೆ ತನಗೆ ತಿಳಿದ ಉತ್ತರ ಕೊಡುತ್ತಾಳೆ, ಸೊಪ್ಪು ಬಿಡಿಸುತ್ತ ಎಣಿಸುತ್ತಾಳೆ. ಹತ್ತು ಪದಗಳ ಹರಕು ಭಾಷೆಯಲ್ಲಿ ಆಕೆ ಆಜ್ಞೆಯನ್ನಷ್ಟೇ ಮಾಡಬಲ್ಲಳು. ಮನೆಯ ಮಾತು ನಿಂತರೆ ಮಗುವಿಗೆ ಹೊಸ ಭಾಷೆಯೇನೂ ತಾನಾಗಿ ಬರುವುದಿಲ್ಲ. ಇದ್ದ ಭಾಷೆಯಲ್ಲಿ ನಡೆಯುತ್ತಿದ್ದ ಯೋಚನೆಗೆ ಅಡ್ಡಿಯಾಗುತ್ತದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದದ ತಿರುಳೂ ಇದೇ: ಮೊದಲ ಭಾಷೆಯಲ್ಲಿ ಗಳಿಸಿದ ತಿಳಿವು ಎರಡನೆಯ ಭಾಷೆಗೆ ದಾಟಿಕೊಳ್ಳುತ್ತದೆ. ತಮಿಳಿನಲ್ಲಿ ಐದರವರೆಗೆ ಎಣಿಸಲು ಬಲ್ಲ ಮಗು ಕನ್ನಡದಲ್ಲಿ ಐದು ಶಬ್ದ ಕಲಿತರೆ ಸಾಕು, ಎಣಿಕೆಯನ್ನೇ ಹೊಸದಾಗಿ ಕಲಿಯಬೇಕಿಲ್ಲ. ಎರಡರಲ್ಲೂ ಎಣಿಸಲಾಗದ ಮಗುವಿನ ಕಷ್ಟ ಬೇರೆಯೇ.

ಶಾಲೆಗೆ ಅಣಿಯಾಗುವುದೆಂದರೆ ಅಕ್ಷರ ತಿದ್ದಿಸುವುದು ಎಂಬ ಭ್ರಮೆ ನಮ್ಮಲ್ಲಿ ಗಟ್ಟಿಯಾಗಿದೆ. ಪೆನ್ಸಿಲ್ ಹಿಡಿಯುವ ಬೆರಳಿಗೆ ಮೊದಲು ರಕ್ತ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ರಕ್ತಹೀನತೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ತೂಕಡಿಸುವ ಮಗು ಯಾವ ಭಾಷೆಯಲ್ಲೂ ಕಲಿಯುವುದಿಲ್ಲ.

ಇದನ್ನು ಅರಿತವರು ಹಿಂದೆಯೇ ಇದ್ದರು ಎಂಬುದನ್ನು ನೆನೆಯಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಂದು ಹೆಸರಿಸಿದ ಆರು ಸೇವೆಗಳಲ್ಲಿ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ಶಾಲಾಪೂರ್ವ ಶಿಕ್ಷಣ ಇವು ಐದು. ಆರನೆಯದು ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ. ಕುಟುಂಬವನ್ನೇ ಕಲಿಕೆಯ ನೆಲೆಯೆಂದು ಭಾವಿಸಿದ ಈ ಆರನೆಯ ಸೇವೆಯೇ ಐವತ್ತು ವರ್ಷಗಳಲ್ಲಿ ಹೆಚ್ಚು ಸೊರಗಿದ್ದು. ಅನ್ನ ಬೇಯುತ್ತದೆ, ಮೊಟ್ಟೆಯ ಲೆಕ್ಕ ಬರೆಯಲಾಗುತ್ತದೆ, 2021ರಿಂದ ಪೋಷಣ್ ಟ್ರ್ಯಾಕರ್‌ಗೆ ಅಂಕಿಗಳೂ ಏರುತ್ತವೆ. ತಾಯಂದಿರ ಸಭೆ ಮಾತ್ರ ಸಹಿ ಪುಸ್ತಕದ ಶಾಸ್ತ್ರವಾಗಿ ಉಳಿದ ಕೇಂದ್ರಗಳೇ ಹೆಚ್ಚು.

ರಾಜ್ಯದ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳ ಕಾರ್ಯಕರ್ತೆಯರನ್ನು ಇದಕ್ಕೆ ದೂರುವುದು ಅನ್ಯಾಯ. ಸಮೀಕ್ಷೆ, ಚುನಾವಣೆ ಕೆಲಸ, ಮೊಬೈಲಿನಲ್ಲಿ ಮುಖದ ಗುರುತು ಹಿಡಿಯುವ ಹೊಸ ಪಡಿಪಾಟಲು, ಗೌರವಧನವೆಂಬ ಮರ್ಯಾದೆಯ ಹೆಸರಿನ ಅರೆಸಂಬಳ—ಇಷ್ಟರ ನಡುವೆ ಒಬ್ಬ ಹೆಣ್ಣುಮಗಳು ಬಾಡಿಗೆಯ ಒಂದೇ ಕೋಣೆಯಲ್ಲಿ ಮೂರು ಭಾಷೆಯ ಮಕ್ಕಳನ್ನು ಸಂಭಾಳಿಸಬೇಕು. ಇಷ್ಟಾದರೂ ಈ ನಗರದ ಅನೇಕ ಕಾರ್ಯಕರ್ತೆಯರು ಯಾವ ತರಬೇತಿಯೂ ಇಲ್ಲದೆ ನಾಲ್ಕು ಭಾಷೆಗಳಲ್ಲಿ ಮಕ್ಕಳನ್ನು ಸಮಾಧಾನಪಡಿಸುವುದನ್ನು ಕಲಿತಿದ್ದಾರೆ. ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿ ಇದಕ್ಕೆ ಬಹುಭಾಷಾ ಶಿಕ್ಷಣ ಎಂಬ ಹೆಸರಿದೆ. ಅಂಗನವಾಡಿಯಲ್ಲಿ ಇದಕ್ಕೆ ಹೆಸರೂ ಇಲ್ಲ, ಭತ್ಯೆಯೂ ಇಲ್ಲ.

ಮನೆಯನ್ನು ಒಳಗೊಂಡ ಕಾರ್ಯಕ್ರಮ ಏನು ಮಾಡಬಲ್ಲದು ಎಂಬುದಕ್ಕೆ ಜಮೈಕಾದ ಉದಾಹರಣೆ ಪ್ರಸಿದ್ಧ. ಕಿಂಗ್‌ಸ್ಟನ್ ನಗರದ ಬಡಾವಣೆಗಳಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 129 ಶಿಶುಗಳನ್ನು ಆರಿಸಿ, ಕೆಲವರ ಮನೆಗೆ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಎರಡು ವರ್ಷ ಹೋದರು. ಮನೆಯಲ್ಲೇ ಮಾಡಿದ ಆಟಿಕೆಗಳನ್ನು ಇಟ್ಟುಕೊಂಡು ಮಗುವಿನೊಡನೆ ಹೇಗೆ ಮಾತಾಡಬೇಕು, ಆಡಬೇಕು ಎಂದು ತಾಯಂದಿರಿಗೆ ತೋರಿಸಿದರು. ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆ ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ 25ರಷ್ಟು ಹೆಚ್ಚಿತ್ತು ಎಂಬುದು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ದುಬಾರಿ ಉಪಕರಣ ಯಾವುದೂ ಇರಲಿಲ್ಲ. ತಾಯಿಗೆ ತನ್ನ ಮಾತಿನ ಬೆಲೆ ತಿಳಿಯಿತು.

ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತನಾಡುವ ವಲಸಿಗರ ಮಕ್ಕಳ ಕಥೆ ನಮ್ಮದಕ್ಕೆ ಇನ್ನೂ ಹತ್ತಿರ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ 1973ರಿಂದ ನಡೆದುಬಂದಿರುವ ‘ಅವಾನ್ಸೆ’ ಎಂಬ ಸಂಸ್ಥೆ, ತಾಯಂದಿರನ್ನೇ ಒಂಬತ್ತು ತಿಂಗಳ ತರಗತಿಗೆ ಕೂರಿಸುತ್ತದೆ. ಅವರ ಕಲಿಕೆ ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಅಲ್ಲೇ ಇರುತ್ತದೆ. ಚಿಂದಿಬಟ್ಟೆಯಲ್ಲಿ ಗೊಂಬೆ ಹೊಲಿಯುವುದೂ ಪಾಠದ ಭಾಗ. ಅದೇ ದೇಶದ ಕ್ಯಾಲಿಫೋರ್ನಿಯಾ 1998ರಲ್ಲಿ ಜನಮತದ ಮೂಲಕ ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಹದಿನೆಂಟು ವರ್ಷ ಕಳೆದ ಮೇಲೆ, 2016ರಲ್ಲಿ, ಇನ್ನೊಂದು ಜನಮತದಿಂದ ಅದನ್ನು ಹಿಂತೆಗೆದುಕೊಂಡಿತು. ಒಂದು ತಲೆಮಾರಿನ ಮಕ್ಕಳು ಆ ಹದಿನೆಂಟು ವರ್ಷಗಳಲ್ಲಿ ಶಾಲೆ ಮುಗಿಸಿ ಹೋದರು. ನಾವು ಅಷ್ಟು ಕಾಲ ಕಾಯಬೇಕೇ? ಒಡಿಶಾ ಆದಿವಾಸಿ ಮಕ್ಕಳಿಗೆ ಅವರವರ ನುಡಿಯಲ್ಲೇ ಮೊದಲ ಪಾಠ ಹೇಳುವ ಕಾರ್ಯಕ್ರಮವನ್ನು 2006–07ರಲ್ಲೇ ಆರಂಭಿಸಿದೆ. ಒಡಿಯಾಕ್ಕೆ ಅದರಿಂದ ಕುತ್ತೇನೂ ಬರಲಿಲ್ಲ.

ನಮ್ಮಲ್ಲಿ ಚರ್ಚೆ ಹಿಡಿದ ದಾರಿಯೇ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಮೂಡಿಗೆರೆಯ ಅಂಗನವಾಡಿ ನೇಮಕಾತಿಯ ಅಧಿಸೂಚನೆಯಲ್ಲಿ ಉರ್ದು ಬಲ್ಲವರ ಪ್ರಸ್ತಾಪ ಬಂದಾಗ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಅಲ್ಪಸಂಖ್ಯಾತರು ಶೇ 25ಕ್ಕಿಂತ ಹೆಚ್ಚಿರುವ ಕಡೆ ಅವರ ಭಾಷೆ ಬಲ್ಲ ಕಾರ್ಯಕರ್ತೆ ಇರಲಿ ಎಂಬ ಆ ನಿಯಮದ ಬಗ್ಗೆ ಟಿ.ವಿ.ಗಳಲ್ಲಿ ಗಂಟೆಗಟ್ಟಲೆ ಕೂಗಾಡಿದವರಲ್ಲಿ, ತಾಯಿಯ ಮಡಿಲಿಂದ ಇಳಿದು ಬಂದ ಮೂರು ವರ್ಷದ ಮಗು ನೀರು ಕೇಳಲು ಯಾವ ಶಬ್ದ ಬಳಸಬೇಕು ಎಂದು ಯಾರೂ ಕೇಳಲಿಲ್ಲ. ಕನ್ನಡದ ಬಗ್ಗೆ ಕಾಳಜಿಯುಳ್ಳವರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಿತ್ತು. ಕನ್ನಡವನ್ನು ಮಗು ಮೊದಲು ಎದುರುಗೊಳ್ಳುವುದು ಗದರಿಕೆಯಾಗಿಯೋ ಗೆಳೆತನವಾಗಿಯೋ ಎಂಬುದು ತೀರ್ಮಾನವಾಗುವುದು ಅಂಗನವಾಡಿಯ ಆ ಮೊದಲ ತಿಂಗಳಲ್ಲಿ. ಮನೆಮಾತಿನಲ್ಲಿ ಕರೆದು, ಕನ್ನಡದಲ್ಲಿ ಆಡಿಸಿ, ಕನ್ನಡದಲ್ಲೇ ಹಾಡಿಸುವ ಕಾರ್ಯಕರ್ತೆ ಕನ್ನಡಕ್ಕೆ ಗಳಿಸಿಕೊಡುವಷ್ಟು ಮಕ್ಕಳನ್ನು ಯಾವ ಸುತ್ತೋಲೆಯೂ ಗಳಿಸಿಕೊಡದು.

ಇನ್ನೊಂದು ಕಡೆ ಇಂಗ್ಲಿಷಿನ ಹಸಿವು. 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಮಗುವಿನ ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದ್ದು ಎಂಬುದು ಇತ್ಯರ್ಥವಾಗಿದೆ. ಬಡತಾಯಿಯೂ ಆ ಹಕ್ಕನ್ನು ಚಲಾಯಿಸುತ್ತಾಳೆ, ದುಡಿಮೆಯ ಬಹುಪಾಲು ತೆತ್ತು. ಸರ್ಕಾರ ಇದಕ್ಕೆ ಸ್ಪಂದಿಸಿದ್ದು ಎಲ್‌ಕೆಜಿ–ಯುಕೆಜಿಗಳ ಮೂಲಕ. 2024ರ ಜೂನ್‌ನಲ್ಲಿ ಅವು ಸರ್ಕಾರಿ ಶಾಲೆಯಲ್ಲಿರಬೇಕೋ ಅಂಗನವಾಡಿಯಲ್ಲಿರಬೇಕೋ ಎಂದು ಕಾರ್ಯಕರ್ತೆಯರು ಬೀದಿಗಿಳಿಯಬೇಕಾಯಿತು. ಆ ಮೇಲೆ ಬೆಂಗಳೂರಿನ ಆಯ್ದ ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸೊರಿ’ಗಳಾದವು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ 2022ರಲ್ಲಿ ಬಂದು, 2025–26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಎರಡು ಇಲಾಖೆಗಳ ಈ ಎಳೆದಾಟದಲ್ಲಿ ಕಟ್ಟಡ, ಸಮವಸ್ತ್ರ, ವಯಸ್ಸು ಎಲ್ಲವೂ ಚರ್ಚೆಗೆ ಬಂದವು. ಮನೆ ಬರಲಿಲ್ಲ.

ಕಾಗದದ ಮೇಲೆ ಕೊರತೆಯೇನಿಲ್ಲ. ಕೇಂದ್ರದ ‘ಪೋಷಣ್ ಭೀ ಪಢಾಯಿ ಭೀ’ 2023ರ ಮೇ ತಿಂಗಳಲ್ಲಿ ಬಂದಿತು. ಮೂರು ವರ್ಷದವರೆಗಿನ ಮಕ್ಕಳಿಗಾಗಿ ‘ನವಚೇತನಾ’, ಆರರವರೆಗೆ ‘ಆಧಾರಶಿಲಾ’ ಎಂಬ ಎರಡು ಚೌಕಟ್ಟುಗಳು 2024ರಲ್ಲಿ ಹೊರಬಂದವು. ರಾಜ್ಯದ್ದೇ ‘ಚಿಲಿಪಿಲಿ’ ಇದೆ. ಇವುಗಳಿಗೆ ಹೊಂದಿಸಿ ಬೆಂಗಳೂರು ನಗರ ಜಿಲ್ಲೆಯಲ್ಲಾದರೂ ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು. ಪ್ರತಿ ಕೇಂದ್ರದ ದಾಖಲಾತಿ ಪುಸ್ತಕದಲ್ಲಿ ಮಗುವಿನ ಮನೆಮಾತಿಗೊಂದು ಅಂಕಣ ಸೇರಿಸಿ, ಆ ಭಾಷೆ ಬಲ್ಲ ಸಹಾಯಕಿ ಇಲ್ಲದ ಕಡೆ ಅದೇ ಬೀದಿಯ ತಾಯಿಯೊಬ್ಬಳಿಗೆ ತಿಂಗಳಿಗೆ ನಾಲ್ಕು ದಿನದ ಸಂಭಾವನೆ ಕೊಟ್ಟು ಕರೆದುಕೊಳ್ಳಬಹುದು. ತಾಯಿ ಕಾರ್ಡ್ ತೋರಿಸಿ ಕಬ್ಬಿಣಾಂಶದ ಮಾತ್ರೆ ಕೊಡುವ ಆಶಾ ಕಾರ್ಯಕರ್ತೆಯೂ ಅಂಗನವಾಡಿ ಕಾರ್ಯಕರ್ತೆಯೂ ಒಂದೇ ದಿನ ಒಂದೇ ಮನೆಗೆ ಹೋದರೆ, ಊಟದ ಮಾತೂ ಆಟದ ಮಾತೂ ಕೂಡಿ ನಡೆಯುತ್ತವೆ. ತಂದೆಯರನ್ನೂ ಕರೆಯಬೇಕು, ‘ತಾಯಂದಿರ ಸಭೆ’ ಎಂಬ ಹೆಸರೇ ಅವರಿಗೆ ತಪ್ಪಿಸಿಕೊಳ್ಳಲು ರಹದಾರಿಯಾಗಿದೆ.

ಕಟ್ಟಡ ಕಾರ್ಮಿಕರ ಮಕ್ಕಳ ಸ್ಥಿತಿ ಇದಕ್ಕಿಂತ ಕಠಿಣ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ನಿವೇಶನದಲ್ಲಿ ಶಿಶುಪಾಲನಾ ಕೊಠಡಿ ಕಡ್ಡಾಯವೆಂದು 1996ರ ಕಾಯ್ದೆಯೇ ಹೇಳಿತ್ತು. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದಿರುವ ಗಗನಚುಂಬಿಗಳ ಪೈಕಿ ಎಷ್ಟರ ಬುಡದಲ್ಲಿ ಮಕ್ಕಳಿಗಾಗಿ ಒಂದು ನೆರಳಿನ ಕೋಣೆ ಇತ್ತು? ಕಟ್ಟಡ ಮುಗಿದೊಡನೆ ಆ ಕುಟುಂಬ ನಗರದ ಇನ್ನೊಂದು ಮೂಲೆಗೆ ಹೋಗುತ್ತದೆ, ಮಗುವಿನ ಹೆಸರು ಹಳೆಯ ಕೇಂದ್ರದ ಪುಸ್ತಕದಲ್ಲೇ ಉಳಿಯುತ್ತದೆ. ಅಂದಹಾಗೆ ರಾಯಚೂರಿನ ಆ ಮಗುವಿನ ಮನೆಮಾತು ಕನ್ನಡವೇ ಆಗಿದ್ದರೂ ಬೆಂಗಳೂರಿನ ಕೇಂದ್ರದಲ್ಲಿ ಅದು ಅರ್ಧ ಪರಭಾಷಿಕನಾಗಿಯೇ ಕೂತಿರುತ್ತದೆ. ಅದರ ‘ಹೌದ್ರಿ’ಗೆ ಉಳಿದ ಮಕ್ಕಳು ನಗುತ್ತಾರೆ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದದ್ದು ಗಡಿಯಾರ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾದ ಮೇಲೆ ಆಡಳಿತ ಜನರ ಹತ್ತಿರಕ್ಕೆ ಬರುತ್ತದೆ ಎಂದರು. ಬರುವುದಾದರೆ ಸಂಜೆ ಏಳರ ಮೇಲೆ ಪಾಲಿಕೆಯ ಒಂದು ಸಭಾಂಗಣದ ಬೀಗ ತೆಗೆಸಿ, ದುಡಿದು ಮರಳಿದವರಿಗೆ ಕೂರಲು ಜಾಗ ಕೊಡಲಿ. ಅಥವಾ ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ಬರುವ ಕಾರ್ಯಕರ್ತೆಗೆ ಹೆಚ್ಚುವರಿ ಗೌರವಧನ ಕೊಡಲಿ.

ಮೇಲೆ ಹೇಳಿದ ಹೆಂಗಸು ನಮ್ಮ ಒತ್ತಾಯಕ್ಕೆ ಮಗಳನ್ನು ಅಂಗನವಾಡಿಯಲ್ಲೇ ಉಳಿಸಿದ್ದಾರೆ, ತಮಿಳನ್ನೂ ಬಿಟ್ಟಿಲ್ಲ. ಮಗು ಈಗ ಅಕ್ಕಪಕ್ಕದ ಮಕ್ಕಳೊಡನೆ ಕನ್ನಡದಲ್ಲಿ ಜಗಳವಾಡುವಷ್ಟು ಮುಂದುವರಿದಿದೆ. ತಾಯಂದಿರ ಸಭೆಗೆ ಆಕೆ ಇದುವರೆಗೆ ಹೋಗಿಲ್ಲ. ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಆಕೆ ಮೂರನೆಯ ಮನೆಯ ಪಾತ್ರೆ ತೊಳೆಯುತ್ತಿರುತ್ತಾರೆ.