ಕೀಲಿಕೈ ಇಲ್ಲದ ಭಂಡಾರಿ

ಹಲಸೂರಿನಲ್ಲಿ ಶರಣರ ಕಾರ್ಯಕ್ರಮವೊಂದು ಮುಗಿದು ಪ್ರಸಾದಕ್ಕೆ ಕೂತಾಗ ಹಿರಿಯರೊಬ್ಬರು ಹೇಳಿದರು: ‘ಇದುವರೆಗಿನ ಮೇಯರುಗಳು ಪಾಲಿಕೆ ದುಡ್ಡೆಲ್ಲ ಹಾಳು ಮಾಡಿದರು. ಇನ್ನು ನಮ್ಮವರೊಬ್ಬರು ಆಗಬೇಕು ನೋಡ್ರಿ.’ ಹಿರಿಯರ ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಲೆಕ್ಕದ ತಪ್ಪು. 2015ರಿಂದ 2020ರವರೆಗೆ ಬಿಬಿಎಂಪಿಗೆ ಐವರು ಮೇಯರುಗಳು: ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್. ಕೊನೆಯವರು ಇಲ್ಲೇ ಜೋಗುಪಾಳ್ಯ ವಾರ್ಡಿನವರು. ಒಬ್ಬೊಬ್ಬರಿಗೆ ಒಂದೇ ವರ್ಷ. ಸರ್ಕಾರಿ ಎಂಜಿನಿಯರ್ ಆಗಿದ್ದ ನಾನು ಬಲ್ಲೆ, ಒಂದು ರಾಜಕಾಲುವೆಗೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು, ಕಾರ್ಯಾದೇಶ ಆಗುವಷ್ಟರಲ್ಲಿ ವರ್ಷ ತೀರಿರುತ್ತದೆ. ಬಜೆಟ್ ಮಂಡಿಸುವವರು ಸ್ಥಾಯಿ ಸಮಿತಿಯ ಅಧ್ಯಕ್ಷರು. ಒಪ್ಪಿಗೆ ಕೊಡುವುದು ಸರ್ಕಾರ. ಖರ್ಚು ಮಾಡುವವರು ಸರ್ಕಾರವೇ ನೇಮಿಸಿದ ಆಯುಕ್ತರು. ಇದರಲ್ಲಿ ಮೇಯರ ಆರ್ಥಿಕ ಸಾಧನೆ ಎಲ್ಲಿಂದ ಬರಬೇಕು? ಕೆಲಸದಿಂದ ಹೆಸರು ಗಳಿಸಲಾಗದವರು ಶಾಸಕರ ಟಿಕೆಟ್ಟಿಗಾಗಿ ಪಕ್ಷದ ಬಾಗಿಲು ಕಾಯುತ್ತಾರೆ.

2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲ್ಲಿನ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಮೇಯರೇ ರೋಗವಾಗಿದ್ದರೆ ಊರು ಆಗಲೇ ಗುಣವಾಗಬೇಕಿತ್ತು. 2022ರ ಮಳೆಗೆ ಮಹದೇವಪುರ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರಲ್ಲ, ಆಗ ಮೇಯರ್ ಯಾರಿದ್ದರು?

ಹಾಗೆಂದು ಮೇಯರುಗಳು ನಿರ್ದೋಷಿಗಳಲ್ಲ. ಅಧಿಕಾರ ಇಲ್ಲದಿದ್ದರೂ ಬಾಯಿ ಇತ್ತು. ತುಂಬಿದ ಸಭೆಯಲ್ಲಿ ಲೆಕ್ಕ ಕೇಳಬಹುದಿತ್ತು.

ಎರಡನೆಯದು ಧರ್ಮದ ತಪ್ಪು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಕೀಲಿಯೂ ಅವರದು, ಲೆಕ್ಕ ಒಪ್ಪಿಸುವ ಹೊಣೆಯೂ ಅವರದು. ಕಾಯಕ ಎಂದರೆ ಅದು. ಜಾತಿ ಕೇಳಬಾರದೆಂದು ಕಲಿಸಿದ ಗುರುವಿನ ಭಾವಚಿತ್ರದ ಕೆಳಗೆ ಕೂತು ನಾವು ಮೇಯರ ಜಾತಿ ಎಣಿಸುತ್ತಿದ್ದೇವೆ!

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳು. ಹಲಸೂರು, ಶಿವಾಜಿನಗರ, ಇಂದಿರಾನಗರ ಕೇಂದ್ರಕ್ಕೆ ಸೇರಿವೆ, ಕೆ.ಆರ್. ಪುರ ಪೂರ್ವಕ್ಕೆ. ಮೇಯರ ಅವಧಿ 30 ತಿಂಗಳು. ಇದು ಒಳ್ಳೆಯದೇ. ಆದರೆ ಐದರ ಮೇಲೂ ಕೂತಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಒಬ್ಬ ಭಂಡಾರಿ ಹೋಗಿ ಐವರು ಬರುತ್ತಾರೆ, ಕೀಲಿ ಮಾತ್ರ ವಿಧಾನಸೌಧದಲ್ಲೇ.

ಮತ ಕೇಳಲು ಬಂದವರನ್ನು ‘ನೀವು ಯಾವ ಪೈಕಿ?’ ಎನ್ನಬೇಡಿ. ‘ನಮ್ಮ ವಾರ್ಡಿನ ಆಸ್ತಿ ತೆರಿಗೆ ಎಷ್ಟು ಬಂತು, ಎಲ್ಲಿ ಹೋಯಿತು, ಮೂರು ತಿಂಗಳಿಗೊಮ್ಮೆ ವಾರ್ಡ್ ಸಭೆಯಲ್ಲಿ ಓದಿ ಹೇಳುತ್ತೀರಾ?’ ಎನ್ನಿ. ಹೌದೆಂದವರು ಯಾವ ಜಾತಿಯವರಾದರೂ ಅವರೇ ನಮ್ಮವರು.