ಮುತ್ತಜ್ಜಿಯ ಫೋಟೋಗೆ ಜೆಪೆಗ್ ಸಾಕಾ?

ಹಳೇ ಆಲ್ಬಂ ಸ್ಕ್ಯಾನ್ ಮಾಡಿಸೋಕೆ ಸ್ಟುಡಿಯೋಗೆ ಕೊಟ್ಟರೆ, ಸಾಮಾನ್ಯವಾಗಿ ಏನೂ ಕೇಳದೆ ಜೆಪೆಗ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡ್ತಾರೆ. ಜೆಪಿಜಿ ಅಂದರೂ ಅದೇ. ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಮನೇಲಿ ಮುತ್ತಜ್ಜಿಯದು ಅಂತ ಇರೋದು ಒಂದೇ ಫೋಟೋ, ಅದಕ್ಕೂ ಅಂಚಲ್ಲಿ ಬೂಷ್ಟು ಹಿಡಿದಿದೆ ಅನ್ನೋದಾದರೆ ಮೊದಲೇ ಒಂದು ಮಾತು ಹೇಳಿಬಿಡಿ: "ಟಿಫ್‌ನಲ್ಲೂ ಒಂದು ಕಾಪಿ ಕೊಡಿ."

1992ರಲ್ಲಿ ಬಂದ ಜೆಪೆಗ್ ಜಾಣ ಜಿಪುಣ. ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು ಕೈಬಿಡುತ್ತೆ. ಬಿಟ್ಟಿದ್ದು ಮತ್ತೆ ಬರಲ್ಲ. ಫೈಲ್ ತೆರೆದು ನೋಡಿದರೆ, ಕಾಪಿ ಮಾಡಿದರೆ ಏನೂ ಆಗಲ್ಲ, ಸುಮ್ಮನೆ ಹೆದರಬೇಡಿ. ಎಡಿಟ್ ಮಾಡಿ ಸೇವ್, ಮತ್ತೆ ಎಡಿಟ್, ಮತ್ತೆ ಸೇವ್ ಅಂತ ಹೋದಾಗ ಮಾತ್ರ ಒಂದಿಷ್ಟಿಷ್ಟೇ ಸವೆಯುತ್ತೆ. ಸೀರೆಯಂಚಿನ ಜರಿ, ಮುಖದ ಸಣ್ಣ ಗೆರೆಗಳು, ಇಂಥವೇ ಮೊದಲು ಮಸುಕಾಗೋದು. ಮುಂದೆ ಯಾರಾದರೂ ಆ ಬೂಷ್ಟಿನ ಕಲೆ ತೆಗೆದು ಫೋಟೋ ಸರಿಮಾಡೋಕೆ ಕೂತರೆ ಬೇಕಾಗೋದೂ ಅವೇ.

ಟಿಫ್ ಸಾಮಾನ್ಯವಾಗಿ ಏನನ್ನೂ ಬಿಡದೆ ಇಟ್ಟುಕೊಳ್ಳುತ್ತೆ. ಅದಕ್ಕೇ ಭಾರ. 4×6 ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. ಅಂಥ ನೂರು ಫೋಟೋ ಅಂದರೂ 3 ಜಿಬಿ ದಾಟಲ್ಲ. ಮದುವೆ ವಿಡಿಯೋಗೆ ಅದಕ್ಕಿಂತ ಜಾಸ್ತಿ ಜಾಗ ಕೊಟ್ಟಿರ್ತೀವಿ! ಟಿಫ್ ಗೊತ್ತಿಲ್ಲ ಅಂದರೆ ಪಿಎನ್‌ಜಿ ಕೇಳಿ, ಅದೂ ವಿವರ ಕಳೆಯಲ್ಲ. ಆದರೆ ಸ್ಕ್ಯಾನ್ ಮಾಡುವಾಗಲೇ ಆ ಫಾರ್ಮ್ಯಾಟ್ ಆರಿಸಬೇಕು. ಜೆಪೆಗ್ ಅನ್ನು ಆಮೇಲೆ ಟಿಫ್ ಮಾಡಿಕೊಟ್ಟರೆ, ಲೋಟದ ಹಾಲನ್ನು ಕೊಳಗಕ್ಕೆ ಸುರಿದ ಹಾಗೆ. ಪಾತ್ರೆ ದೊಡ್ಡದಾಯ್ತು, ಹಾಲು ಅಷ್ಟೇ.

ಮಿಕ್ಕಿದ್ದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅಕ್ಷರಗಳಿರುವ ಸ್ಕ್ರೀನ್‌ಶಾಟ್‌ಗೆ ಪಿಎನ್‌ಜಿ. ಐಫೋನಿನ ಎಚ್‌ಇಐಸಿ ಫೋಟೋ ಯಾವುದಾದರೂ ಅರ್ಜಿಯ ಜೊತೆ ಅಪ್‌ಲೋಡ್ ಆಗದಿದ್ದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಆಮೇಲೆ ತೆಗೆಯೋ ಫೋಟೋಗಳು ಜೆಪೆಗ್ ಆಗಿರ್ತವೆ.

ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಜೆಪೆಗ್ ಧಾರಾಳ ಸಾಕು. ಅಣ್ಣನ ಮನೇಲೂ ಒಂದು ಒಳ್ಳೇ ಕಾಪಿ ಇರಲಿ ಅಂದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತೆ. ಮತ್ತೆ, ಸ್ಟುಡಿಯೋದಿಂದ ಹೊರಡೋ ಮುಂಚೆ ಫೋಟೋ ತಿರುಗಿಸಿ ನೋಡಿ. ಹಿಂದೆ ಪೆನ್ಸಿಲ್‌ನಲ್ಲಿ ಹೆಸರೋ ಇಸವಿಯೋ ಇದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿಸಿಕೊಳ್ಳಿ. ಅದಕ್ಕೆ ಜೆಪೆಗ್ ಆದರೂ ನಡೆಯುತ್ತೆ.